ಸರಪಣಿಯ ಲಕ್ಷಣಕಾರ: ಜಿ. ಎನ್. ರಾಮಚಂದ್ರನ್

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರು 1922ರ ಅಕ್ಟೋಬರ್ 8ರಂದು ಅಂದಿನ ಕೊಚ್ಚಿ ಸಂಸ್ಥಾನದ ಎರ್ನಾಕುಳಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಮುಂದೆ ಪ್ರಾಂಶುಪಾಲರೂ ಆದವರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯ ಮಾತು ತಮಿಳು, ಹುಟ್ಟಿದ ಊರಿನ ಮಾತು ಮಲಯಾಳ, ವಿದ್ಯೆಯ ಮಾತು ಇಂಗ್ಲಿಷ್, ಮುಂದೆ ಬಾಳಿನ ಬಹುಭಾಗ ದುಡಿದ ಊರಿನ ಮಾತು ಕನ್ನಡ. ಕೇರಳದಲ್ಲಿದ್ದು ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ಇಂತಹ ಬಹುಭಾಷಿಕ ಬಾಳು ಅಪರಿಚಿತವೇನಲ್ಲ. ಕೇರಳದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಅರಳಿದ ಈ ಮಹನೀಯರ ಹೆಸರು ಇಂದು ಜಗತ್ತಿನ ಯಾವ ಜೀವರಸಾಯನ ಪಠ್ಯಪುಸ್ತಕವನ್ನು ತೆರೆದರೂ ಸಿಗುತ್ತದೆ. ಆದರೆ ಎರ್ನಾಕುಳಂನಿಂದ ಬೆಂಗಳೂರಿನವರೆಗಿನ ಹಾದಿಯಲ್ಲಿರುವ ನಾವು ಅವರನ್ನು ಅರಿತುಕೊಂಡದ್ದು ಕಡಿಮೆ.

ಬಾಲಕ ರಾಮಚಂದ್ರನ್‌ಗೆ ಗಣಿತವು ತಂದೆಯಿಂದಲೇ ಬಂದ ಬಳುವಳಿ. ಎರ್ನಾಕುಳಂನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ ತಿರುಚಿರಾಪಳ್ಳಿಯ ಸೈಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಅದೇ ಆವರಣದಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದವರು ಸರ್ ಸಿ. ವಿ. ರಾಮನ್. ತರುಣನ ಒಲವು ಎತ್ತ ಕಡೆ ಇದೆ ಎಂಬುದನ್ನು ಕಂಡುಕೊಂಡ ರಾಮನ್ ಅವರು ಆತನನ್ನು ತಮ್ಮ ವಿಭಾಗಕ್ಕೆ ಬರಮಾಡಿಕೊಂಡರು. ಬೆಳಕು, ಹರಳು, ಕ್ಷ-ಕಿರಣ ಇವು ರಾಮಚಂದ್ರನ್ ಅವರ ಅಧ್ಯಯನದ ವಸ್ತುಗಳಾದವು. 1947ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿ ದೊರೆಯಿತು. ಅದೇ ವರ್ಷ ಅವರು ಕೇಂಬ್ರಿಜ್‌ಗೆ ತೆರಳಿ ವೂಸ್ಟರ್ ಎಂಬ ಸ್ಫಟಿಕವಿಜ್ಞಾನಿಯ ಬಳಿ ಸಂಶೋಧನೆ ನಡೆಸಿ 1949ರಲ್ಲಿ ಇನ್ನೊಂದು ಡಾಕ್ಟರೇಟಿನೊಂದಿಗೆ ಬೆಂಗಳೂರಿಗೆ ಮರಳಿದರು. ಅಲ್ಲಿದ್ದಾಗ ಅಮೆರಿಕದ ಲೀನಸ್ ಪಾಲಿಂಗ್ ಅವರ ಉಪನ್ಯಾಸಗಳನ್ನು ಕೇಳುವ ಅವಕಾಶ ಒದಗಿತ್ತು. ಜೀವವಸ್ತುಗಳ ದೊಡ್ಡ ಅಣುಗಳನ್ನೂ ಜ್ಯಾಮಿತಿಯ ಕಣ್ಣಿನಿಂದ ನೋಡಬಹುದೆಂಬ ವಿಚಾರದ ಬೀಜ ಬಿದ್ದದ್ದು ಆ ಕಾಲದಲ್ಲಿ.

ಮದರಾಸಿನ ದಿನಗಳು

ಮದರಾಸು ವಿಶ್ವವಿದ್ಯಾನಿಲಯವು ಭೌತವಿಜ್ಞಾನದ ಹೊಸ ವಿಭಾಗವನ್ನು ತೆರೆಯಲು ಬಯಸಿದಾಗ ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ದೃಷ್ಟಿ ಮೊದಲು ಹರಿದದ್ದು ರಾಮನ್ ಅವರತ್ತ. ರಾಮನ್ ತಾವು ಹೋಗದೆ ಶಿಷ್ಯನ ಹೆಸರನ್ನು ಸೂಚಿಸಿದರು. ಹೀಗೆ 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ರಾಮಚಂದ್ರನ್ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಅದೇ ವರ್ಷ ಮದರಾಸಿಗೆ ಬಂದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರೊಡನೆ ನಡೆದ ಮಾತುಕತೆಯಲ್ಲಿ ಕೊಲ್ಲಾಜನ್ ಎಂಬ ಪ್ರೋಟೀನಿನ ರಚನೆ ಯಾರಿಗೂ ಬಿಡಿಸಲಾಗದ ಒಗಟಾಗಿದೆ ಎಂಬ ಸಂಗತಿ ಬಂತು. ನಮ್ಮ ಚರ್ಮ, ಸ್ನಾಯುರಜ್ಜು, ಎಲುಬುಗಳಿಗೆ ಬಿಗುವನ್ನು ಕೊಡುವ ವಸ್ತುವೇ ಕೊಲ್ಲಾಜನ್.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ನಾವು ಹಿಂದೆ ಸಸಾರಜನಕ ಎಂದು ಬರೆಯುತ್ತಿದ್ದುದನ್ನು ಈಗ ಪ್ರೋಟೀನು ಎಂದೇ ಬರೆಯುತ್ತೇವೆ. ಮರಾಠಿಯ ಪಾಠಗಳಲ್ಲಿ ನಾನು ಓದಿದ್ದು ಪ್ರಥಿನ ಎಂದು. ನಾವು ಜೀವಕೋಶ ಎನ್ನುವುದನ್ನು ಮರಾಠಿಯವರು ಪೇಶಿ ಎನ್ನುತ್ತಾರೆ. ಕನ್ನಡದಲ್ಲಿ ಅದೇ ಪೇಶಿ ಮಾಂಸಖಂಡವನ್ನು ನೆನಪಿಸುತ್ತದೆ. ಹೆಸರು ಯಾವುದಾದರೂ ವಸ್ತು ಒಂದೇ: ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದ ಉದ್ದನೆಯ ಸರಪಣಿ. ಪ್ರೋಟೀನು ಮಾಡುವ ಕೆಲಸವೆಲ್ಲ ಆ ಸರಪಣಿಯು ಹೇಗೆ ಮಡಿಚಿಕೊಂಡಿದೆ ಎಂಬುದನ್ನು ಅವಲಂಬಿಸಿದೆ. ಬಿಡಿಸಿಟ್ಟ ಹಗ್ಗ ಹಗ್ಗವೇ. ಗಂಟು ಹಾಕಿದಾಗ ಅದು ಕುಣಿಕೆಯಾಗುತ್ತದೆ, ನೆಲುವಾಗುತ್ತದೆ, ತೊಟ್ಟಿಲಾಗುತ್ತದೆ.

ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ವಿಶ್ವವಿದ್ಯಾನಿಲಯದ ಗಿಂಡಿ ಆವರಣಕ್ಕೆ ನೆರೆಯದೇ ಆಗಿತ್ತು. ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮಾದರಿ ಲಭಿಸಿತು. ಗೋಪಿನಾಥ ಕರ್ತಾ ಎಂಬ ಸಹೋದ್ಯೋಗಿಯೊಡನೆ ರಾಮಚಂದ್ರನ್ ಅದರ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಚಿತ್ರಗಳನ್ನು ಪಡೆದರು. ಆ ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಇರುವುದು ತಿಳಿದಿತ್ತು. ಪ್ರತಿ ಮೂರನೆಯ ಮಣಿಯೂ ಗ್ಲೈಸಿನ್ ಆಗಿದ್ದರೆ ಮೂರು ಸರಪಣಿಗಳು ಒಂದರ ಪಕ್ಕ ಒಂದು ಒತ್ತಾಗಿ ನಿಲ್ಲಬಹುದೆಂದು ಅವರು ತರ್ಕಿಸಿದರು. 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಮಾದರಿ ಪ್ರಕಟವಾಯಿತು. ಮರುವರ್ಷ ಅದನ್ನು ತಿದ್ದಿ, ಮೂರು ಎಳೆಗಳೂ ಜಡೆಯಂತೆ ಒಂದನ್ನೊಂದು ಸುತ್ತಿಕೊಂಡ ತ್ರಿವಳಿ ಸುರುಳಿಯನ್ನು ಮುಂದಿಟ್ಟರು.

ಆಗ ಎದುರಾದದ್ದು ಕೇಂಬ್ರಿಜ್‌ನ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಅವರ ಆಕ್ಷೇಪ. ಸುರುಳಿಯ ಕಲ್ಪನೆ ಸರಿ; ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಅತಿಯಾಗಿ ಸಮೀಪಿಸಿವೆ, ಅಷ್ಟು ಹತ್ತಿರ ಅವು ನಿಲ್ಲಲಾರವು ಎಂಬುದು ಅವರ ವಾದ. ತಮ್ಮದೇ ಆದ, ಕೊಂಚ ಭಿನ್ನವಾದ ಮಾದರಿಯನ್ನೂ ಅವರು ಪ್ರಕಟಿಸಿದರು. ಮೊದಲು ಕಂಡವರು ಯಾರು, ಸರಿಯಾಗಿ ಕಂಡವರು ಯಾರು ಎಂಬ ಚರ್ಚೆ ಬಹುಕಾಲ ನಡೆಯಿತು. ಮೂರು ಎಳೆಗಳ ಸುರುಳಿ ಮದರಾಸಿನದೇ ಎಂಬುದು ಇಂದು ನಿರ್ವಿವಾದ. ಎಳೆಗಳ ನಡುವಣ ಜಲಜನಕ ಬಂಧಗಳ ಲೆಕ್ಕದಲ್ಲಿ ಕ್ರಿಕ್ ಮತ್ತು ರಿಚ್ ಹೇಳಿದ್ದಕ್ಕೆ ಹೆಚ್ಚು ಮನ್ನಣೆ ದೊರೆಯಿತು.

ಆಕ್ಷೇಪದಿಂದ ಹುಟ್ಟಿದ ನಕ್ಷೆ

ಟೀಕೆಯನ್ನು ಎದುರಿಸುವ ದಾರಿಗಳು ಹಲವು. ರಾಮಚಂದ್ರನ್ ಹಿಡಿದ ದಾರಿ ವಿದ್ವಾಂಸರಿಗೆ ಮಾದರಿಯಾಗುವಂಥದು. ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂಬ ಮೂಲ ಪ್ರಶ್ನೆಯನ್ನೇ ಅವರು ಎತ್ತಿಕೊಂಡರು. ಅದುವರೆಗೆ ಅಳೆಯಲಾಗಿದ್ದ ಹರಳುಗಳ ರಚನೆಗಳನ್ನೆಲ್ಲ ಜಾಲಾಡಿ, ಇಂತಿಂಥ ಪರಮಾಣುಗಳ ನಡುವೆ ಇಷ್ಟಿಷ್ಟು ಕನಿಷ್ಠ ಅಂತರ ಎಂಬ ಪಟ್ಟಿಯನ್ನು ಸಿದ್ಧಪಡಿಸಿದರು. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಎಂಬ ಕಿರಿಯರು ಜತೆಗಿದ್ದರು.

ಪ್ರೋಟೀನು ಸರಪಣಿಯ ಪ್ರತಿ ಮಣಿಯ ಬಳಿ ತಿರುಗಬಲ್ಲ ಕೀಲುಗಳು ಎರಡು ಮಾತ್ರ. ಉಳಿದ ಭಾಗ ಚಪ್ಪಟೆಯಾಗಿ ಬಿಗಿದಿರುತ್ತದೆ. ಆ ಎರಡು ಕೀಲುಗಳ ಕೋನಗಳಿಗೆ ಗ್ರೀಕ್ ಅಕ್ಷರಗಳಾದ ಫೈ ಮತ್ತು ಸೈ ಎಂಬ ಹೆಸರು. ಒಂದನ್ನು ಅಡ್ಡಕ್ಕೆ, ಇನ್ನೊಂದನ್ನು ಉದ್ದಕ್ಕೆ ಇಟ್ಟು ಚೌಕವೊಂದನ್ನು ಬರೆದರೆ ಸರಪಣಿಯ ಪ್ರತಿ ತಿರುವೂ ಆ ಚೌಕದಲ್ಲಿ ಒಂದು ಬಿಂದುವಾಗುತ್ತದೆ. ಯಾವ ಬಿಂದುವಿನಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ, ಯಾವುದರಲ್ಲಿ ಹೊಡೆಯುವುದಿಲ್ಲ ಎಂದು ಅವರು ಲೆಕ್ಕ ಹಾಕುತ್ತ ಹೋದರು. ಚೌಕದ ಬಹುಭಾಗ ನಿಷಿದ್ಧವೆಂದು ತೇಲಿತು. ಅಲ್ಲಲ್ಲಿ ದ್ವೀಪಗಳಂತೆ ಕೆಲವೇ ಪ್ರದೇಶಗಳು ಉಳಿದವು. 1963ರಲ್ಲಿ ಪ್ರಕಟವಾದ ಈ ಚಿತ್ರವೇ ಜಗತ್ಪ್ರಸಿದ್ಧವಾದ ರಾಮಚಂದ್ರನ್ ನಕ್ಷೆ.

ಛಂದಸ್ಸನ್ನು ಓದುವ ವಿದ್ಯಾರ್ಥಿಗಳಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕಂದಪದ್ಯದ ವಿಷಮ ಸ್ಥಾನದ ಗಣಗಳಲ್ಲಿ ಜಗಣ ಬರಕೂಡದು. ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು. ಈ ಲಕ್ಷಣ ತಿಳಿದ ಮಾತ್ರಕ್ಕೆ ಯಾರೂ ಪಂಪನಾಗುವುದಿಲ್ಲ. ಆದರೆ ಹಸ್ತಪ್ರತಿಯಲ್ಲಿ ಒಂದು ಗಣ ಕೆಟ್ಟಿದ್ದರೆ ಅಲ್ಲಿ ಪಾಠ ತಪ್ಪಿದೆ ಎಂದು ಸಂಪಾದಕನು ಗುರುತಿಸಬಲ್ಲ. ರಾಮಚಂದ್ರನ್ ನಕ್ಷೆ ಪ್ರೋಟೀನುಗಳ ಲಕ್ಷಣಗ್ರಂಥ. ಅದು ಪ್ರೋಟೀನನ್ನು ರಚಿಸುವುದಿಲ್ಲ. ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂದು ಹೇಳುತ್ತದೆ. ಇಂದು ಜಗತ್ತಿನ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನಿನ ರಚನೆಯನ್ನು ಕಂಡುಕೊಂಡರೂ ಮೊದಲು ಈ ನಕ್ಷೆಯ ಮೇಲಿಟ್ಟು ಶುದ್ಧಾಶುದ್ಧಗಳನ್ನು ಪರೀಕ್ಷಿಸುತ್ತಾರೆ.

ಈ ಲಕ್ಷಣಕ್ಕೂ ಒಂದು ಅಪವಾದವಿದೆ. ಗ್ಲೈಸಿನ್‌ಗೆ ಪಕ್ಕದಲ್ಲಿ ಚಾಚಿಕೊಂಡ ಕೊಂಬೆಯಿಲ್ಲ. ಇರುವುದು ಒಂದು ಜಲಜನಕ ಮಾತ್ರ. ಆದುದರಿಂದ ಇತರ ಅಮೈನೋ ಆಮ್ಲಗಳು ಸಾಮಾನ್ಯವಾಗಿ ಹೆಜ್ಜೆಯಿಡದ ನಕ್ಷೆಯ ಬಲಬದಿಯಲ್ಲಿಯೂ ಅದು ನಿಶ್ಚಿಂತೆಯಿಂದ ನಿಲ್ಲಬಲ್ಲದು. ಮುಂದಿನ ಕತೆಗೆ ಈ ಸಂಗತಿ ಬೇಕಾಗುತ್ತದೆ.

ಬೆಂಗಳೂರಿಗೆ ಮರಳಿದ ಮೇಲೆ

1970ರ ಸುಮಾರಿಗೆ ರಾಮಚಂದ್ರನ್ ಮದರಾಸನ್ನು ಬಿಟ್ಟರು. ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವಭೌತ ಘಟಕವನ್ನು ಕಟ್ಟಿದರು. ಅದೇ ಕಾಲದಲ್ಲಿ, 1971ರಲ್ಲಿ, ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ ಪ್ರಬಂಧವೊಂದು ಕ್ಷ-ಕಿರಣದ ಚಪ್ಪಟೆ ಚಿತ್ರಗಳಿಂದ ವಸ್ತುವಿನ ಒಳಗನ್ನು ಮರಳಿ ಕಟ್ಟುವ ಸುಲಭವಾದ ಗಣಿತವನ್ನು ನೀಡಿತು. ಮಂಗಳೂರಿನ ಆಸ್ಪತ್ರೆಗಳಿಗೆ ಸಿ.ಟಿ. ಸ್ಕ್ಯಾನ್‌ಗಾಗಿ ಹೋಗಿಬರುವ ನಮ್ಮ ಊರವರು ಅರಿಯದೆಯೇ ಆ ಬಗೆಯ ಗಣಿತದ ಫಲವನ್ನು ಉಂಡಿದ್ದಾರೆ.

ಆದರೆ ಇಲ್ಲಿ ವಿಶೇಷವಾಗಿ ಹೇಳಬೇಕೆಂದಿರುವುದು ಇನ್ನೊಂದು ಕೆಲಸವನ್ನು ಕುರಿತು. ಜೀವಕೋಶದ ಸುತ್ತ ಕೊಬ್ಬಿನ ತೆಳುವಾದ ಪೊರೆಯಿದೆ. ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುದಾವೇಶ ಹೊತ್ತ ಕಣಗಳಾಗಿ ಬಿಡಿಬಿಡಿಯಾಗುತ್ತದೆ, ಅವೇ ಅಯಾನುಗಳು. ತೆಂಗಿನೆಣ್ಣೆಯಲ್ಲಿ ಉಪ್ಪು ಕರಗದು ಎಂಬುದು ಅಡುಗೆಮನೆಯಲ್ಲಿ ಎಲ್ಲರೂ ಕಂಡದ್ದು. ಹಾಗೆಯೇ ಕೊಬ್ಬಿನ ಪೊರೆಯನ್ನು ಅಯಾನುಗಳು ತಾವಾಗಿ ದಾಟಲಾರವು. ಆದರೂ ದಾಟಲೇಬೇಕು, ದಾಟದಿದ್ದರೆ ಹೃದಯ ಬಡಿಯದು, ನರ ಮಿಡಿಯದು. ದಾಟಿಸುವವು ಪೊರೆಯಲ್ಲಿ ನೆಟ್ಟುಕೊಂಡಿರುವ ಪ್ರೋಟೀನುಗಳು.

ಅವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ನಮ್ಮ ಕಾಸರಗೋಡಿನ ಗುಡ್ಡಗಳಲ್ಲಿ ಸುರಂಗ ತೋಡಿ ನೀರು ತರುತ್ತೇವೆ. ದಾರಿಯಾದರೆ ಸಾಕು, ಇಳಿಜಾರಿನಲ್ಲಿ ನೀರು ತಾನೇ ಹರಿದು ಬರುತ್ತದೆ. ಕಾಲುವೆ ಪ್ರೋಟೀನುಗಳು ಹೀಗೆ. ಹಳ್ಳದಿಂದ ಮೇಲಿನ ತೋಟಕ್ಕೆ ನೀರೆತ್ತಬೇಕಾದರೆ ಏತ ಬೇಕು, ಏತಕ್ಕೆ ಮೈಬಲ ಬೇಕು. ಪಂಪು ಪ್ರೋಟೀನುಗಳು ಹಾಗೆ. 1957ರಲ್ಲಿ ಡೆನ್ಮಾರ್ಕಿನ ಜೆನ್ಸ್ ಸ್ಕೋ ಅವರು ಏಡಿಯ ನರದಲ್ಲಿ ಕಂಡ ಪಂಪು ಎ.ಟಿ.ಪಿ. ಎಂಬ ಇಂಧನದ ಒಂದು ಅಣುವನ್ನು ವ್ಯಯಿಸಿ ಮೂರು ಸೋಡಿಯಂ ಅಯಾನುಗಳನ್ನು ಹೊರಗಟ್ಟುತ್ತದೆ, ಎರಡು ಪೊಟಾಸಿಯಂ ಅಯಾನುಗಳನ್ನು ಒಳತರುತ್ತದೆ. ಈ ಏತ ಕಟ್ಟಿಕೊಟ್ಟ ಏರಿಳಿತವನ್ನು ಬಳಸಿಕೊಂಡು ಕಾಲುವೆಗಳು ತೆರೆದು ಮುಚ್ಚಿದಾಗ ನರದಲ್ಲಿ ಸಂದೇಶ ಹರಿಯುತ್ತದೆ.

ಕಾಲುವೆಯ ಅತ್ಯಂತ ಸರಳ ಉದಾಹರಣೆ ಗ್ರಾಮಿಸಿಡಿನ್ ಎಂಬ ಜೀವಿರೋಧಕ. ಮಣ್ಣಿನ ಒಂದು ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. ಅದರಲ್ಲಿರುವುದು ಹದಿನೈದೇ ಮಣಿಗಳು. ಸಾಮಾನ್ಯವಾಗಿ ಪ್ರೋಟೀನುಗಳ ಮಣಿಗಳೆಲ್ಲ ಎಡಗೈ ಬಗೆಯವು. ಗ್ರಾಮಿಸಿಡಿನ್‌ನಲ್ಲಾದರೋ ಎಡಗೈ, ಬಲಗೈ ಮಣಿಗಳು ಸರದಿಯಾಗಿ ಬರುತ್ತವೆ. ಅಮೆರಿಕದ ಡ್ಯಾನ್ ಅರಿ 1971ರಲ್ಲಿ, ಇಂತಹ ಸರಪಣಿ ನಡುವೆ ರಂಧ್ರವಿರುವ ಸುರುಳಿಯಾಗಿ ಸುತ್ತಿಕೊಂಡು ಅಯಾನುಗಳಿಗೆ ದಾರಿಯಾಗುತ್ತದೆಂದು ಸೂಚಿಸಿದರು. ಬೆಂಗಳೂರಿನಲ್ಲಿ ರಾಮಚಂದ್ರನ್ ಮತ್ತು ಆರ್. ಚಂದ್ರಶೇಖರನ್ 1972ರಲ್ಲಿ ಇದೇ ಬಗೆಯ ಸರಪಣಿಗಳ ಜ್ಯಾಮಿತಿಯನ್ನು ತಮ್ಮ ನಕ್ಷೆಯ ವಿಧಾನದಿಂದ ವಿವೇಚಿಸಿ, ಎಡ-ಬಲಗಳ ಸರದಿಯಿಂದ ಎಂತೆಂತಹ ಸುರುಳಿಗಳೂ ಪಟ್ಟಿಗಳೂ ಸಾಧ್ಯ ಎಂಬುದನ್ನು ಅಯಾನು ಸಾಗಣೆಯ ಪ್ರಶ್ನೆಯೊಂದಿಗೆ ಸೇರಿಸಿ ಪ್ರಕಟಿಸಿದರು.

ಇದರ ಪೂರ್ಣ ಮಹತ್ವ ಹೊಳೆದದ್ದು ಬಹಳ ತಡವಾಗಿ. 1998ರಲ್ಲಿ ರಾಡರಿಕ್ ಮೆಕಿನನ್ ಅವರು ಬ್ಯಾಕ್ಟೀರಿಯಾ ಒಂದರ ಪೊಟಾಸಿಯಂ ಕಾಲುವೆಯ ರಚನೆಯನ್ನು ಕಂಡುಹಿಡಿದರು. 2003ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕ ಸಂದಿತು. ಪೊಟಾಸಿಯಂ ಅಯಾನಿಗಿಂತ ಸೋಡಿಯಂ ಅಯಾನು ಚಿಕ್ಕದು. ಆದರೂ ಈ ಕಾಲುವೆ ದೊಡ್ಡದನ್ನು ಬಿಟ್ಟು ಚಿಕ್ಕದನ್ನು ತಡೆಯುತ್ತದೆ. ಕಾರಣ ಹೀಗಿದೆ: ನೀರಿನಲ್ಲಿ ಅಯಾನುಗಳು ನೀರಿನ ಅಣುಗಳ ಉಡುಗೆಯನ್ನು ತೊಟ್ಟಿರುತ್ತವೆ. ಇಕ್ಕಟ್ಟಿನ ದಾರಿಯಲ್ಲಿ ಅದನ್ನು ಕಳಚಬೇಕು. ದಾರಿಯ ಗೋಡೆಯಿಂದ ಒಳಮುಖವಾಗಿ ನಿಂತ ಆಮ್ಲಜನಕ ಪರಮಾಣುಗಳು ಪೊಟಾಸಿಯಂಗೆ ಕಳಚಿದ ಉಡುಗೆಯಷ್ಟೇ ಹಿತವಾದ ಆಸರೆಯನ್ನು ನೀಡುತ್ತವೆ. ಚಿಕ್ಕದಾದ ಸೋಡಿಯಂಗೆ ಆ ಆಸರೆ ಎಟುಕದು. ಅದು ತನ್ನ ಉಡುಗೆಯನ್ನು ಬಿಟ್ಟು ಬರಲೊಪ್ಪದು. ಹೀಗೆ ಸೆಕೆಂಡಿಗೆ ಹತ್ತು ಕೋಟಿಯ ಪ್ರಮಾಣದಲ್ಲಿ ಪೊಟಾಸಿಯಂ ಅಯಾನುಗಳು ಸಾಗಬಲ್ಲವು.

ಆ ಆಮ್ಲಜನಕಗಳೆಲ್ಲ ಒಳಗೇ ಮುಖಮಾಡಿ ನಿಲ್ಲಬೇಕಾದರೆ ಸರಪಣಿ ಅಸಾಮಾನ್ಯವಾಗಿ ತಿರುಚಿಕೊಳ್ಳಬೇಕು. ಅಲ್ಲಿ ಎರಡು ಗ್ಲೈಸಿನ್‌ಗಳಿವೆ. ಅವು ರಾಮಚಂದ್ರನ್ ನಕ್ಷೆಯ ಬಲಬದಿಯಲ್ಲಿ ನಿಂತಿವೆ. ಅವುಗಳಲ್ಲೊಂದನ್ನು ತೆಗೆದು ಬಲಗೈ ಬಗೆಯ ಅಲನಿನ್ ಎಂಬ ಮಣಿಯನ್ನಿಟ್ಟರೂ ಕಾಲುವೆ ಕೆಲಸ ಮಾಡಿತೆಂದು 2004ರಲ್ಲಿ ಮೆಕಿನನ್ ಮತ್ತು ಸಂಗಡಿಗರು ತೋರಿಸಿದರು. ಎಡ-ಬಲಗಳ ಸರದಿಯಿಂದ ಅಯಾನಿಗೆ ದಾರಿಯಾಗುತ್ತದೆಂಬ, ಬೆಂಗಳೂರಿನಲ್ಲಿಯೂ ಲೆಕ್ಕ ಹಾಕಿದ್ದ ಆ ತತ್ತ್ವವೇ ಇಲ್ಲಿಯೂ ಇತ್ತು. ಅದನ್ನು ನೋಡಲು ರಾಮಚಂದ್ರನ್ ಇರಲಿಲ್ಲ.

ತರ್ಕ, ಕೊನೆಯ ವರ್ಷಗಳು

1970ರ ದಶಕದ ಕೊನೆಯ ವೇಳೆಗೆ ಅವರ ಮನಸ್ಸು ತರ್ಕಶಾಸ್ತ್ರದತ್ತ ಹೊರಳಿತು. ಜೈನರ ಸ್ಯಾದ್ವಾದವನ್ನು ಆಧುನಿಕ ಗಣಿತದ ಭಾಷೆಯಲ್ಲಿ ಹೇಳಬಹುದೆಂದು ಭಾವಿಸಿ ಸ್ಯಾದ್ ನ್ಯಾಯ ಪದ್ಧತಿ ಎಂಬ ಹೆಸರಿನಲ್ಲಿ ಪ್ರಬಂಧಗಳನ್ನು ಬರೆದರು. ಸತ್ಯ, ಅಸತ್ಯಗಳ ಜತೆಗೆ ಅನಿಶ್ಚಿತಕ್ಕೂ ಅದರಲ್ಲಿ ಸ್ಥಾನವಿತ್ತು. ಹಳಗನ್ನಡದ ಜೈನಕವಿಗಳ ಮೂಲಕ ಸ್ಯಾದ್ವಾದದ ಹೆಸರನ್ನು ಕೇಳಿದ ನಮಗೆ, ಅಣುಗಳ ತಿರುವನ್ನು ಅಳೆದ ಕೈಯೇ ಅದನ್ನೂ ಮುಟ್ಟಿತೆಂಬುದು ಸಂತೋಷದ ವಿಷಯ.

ಸನ್ಮಾನಗಳು ಬಂದವು: 1961ರಲ್ಲಿ ಭಟ್ನಾಗರ್ ಪುರಸ್ಕಾರ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಅಂತಾರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟದ ಇವಾಲ್ಡ್ ಪಾರಿತೋಷಕ. ನೊಬೆಲ್ ಬರಲಿಲ್ಲ. ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತು. ತಿರುವುಗಳನ್ನೆಲ್ಲ ಲೆಕ್ಕವಿಟ್ಟ ಕೈಗೆ ಸ್ವಂತ ಚಲನೆಯ ಮೇಲೆ ಹಿಡಿತ ತಪ್ಪಿತು. 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ಅವರು ನಿಧನರಾದರು.

ಮುಳ್ಳೇರಿಯದಲ್ಲಿ ಕುಳಿತು ಈ ಜೀವನವನ್ನು ಓದುವಾಗ ಒಂದು ಮಾತನ್ನು ಮರೆಯುವಂತಿಲ್ಲ. ನಮ್ಮ ಕಾರಡ್ಕ, ಮುಳಿಯಾರು, ಬೆಳ್ಳೂರು, ಕುಂಬ್ಡಾಜೆ, ಎಣ್ಮಕಜೆಗಳ ಹೆಸರು ಹೊರಜಗತ್ತಿಗೆ ತಿಳಿದದ್ದು ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಆಕಾಶದಿಂದ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದಾಗಿ. 2000ದಲ್ಲಿ ಸಿಂಪಡಣೆ ನಿಂತಿತು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ಅದನ್ನು ನಿಷೇಧಿಸಿತು. ಆ ವಿಷವು ಕೀಟವನ್ನು ಕೊಲ್ಲುವ ಬಗೆ ಇದು: ನರಕೋಶದ ಪೊರೆಯಲ್ಲಿ ಗಾಬಾ ಎಂಬ ಸಂದೇಶವಾಹಕಕ್ಕೆ ತೆರೆದುಕೊಳ್ಳುವ ಕ್ಲೋರೈಡ್ ಕಾಲುವೆಯಿದೆ, ಕ್ಲೋರೈಡ್ ಒಳಬಂದಾಗ ನರದ ಉದ್ರೇಕ ಶಮನವಾಗುತ್ತದೆ. ಎಂಡೋಸಲ್ಫಾನ್ ಆ ದಾರಿಯನ್ನೇ ಮುಚ್ಚುತ್ತದೆ. ಶಮನಗೊಳಿಸುವ ದ್ವಾರ ಮುಚ್ಚಿದರೆ ಉಳಿಯುವುದು ಉದ್ರೇಕ, ಸೆಳೆತ. ಅಂತಹುದೇ ದ್ವಾರಗಳು ಮನುಷ್ಯನ ಮಿದುಳಿನಲ್ಲೂ ಇವೆ.

ಪ್ರೋಟೀನಿನ ಒಂದು ತಿರುವು, ಪೊರೆಯ ಒಂದು ರಂಧ್ರ ಎಂಬುವು ಆದುದರಿಂದ ನಮಗೆ ದೂರದ ಸಂಗತಿಗಳಲ್ಲ. ನಮ್ಮ ಊರುಗಳ ನೋವನ್ನು ಕತೆ, ಕಾದಂಬರಿ, ಲೇಖನಗಳಲ್ಲಿ ಬರೆಯಲು ಹೊರಡುವ ನಾಳಿನ ಕನ್ನಡ ಬರಹಗಾರರಿಗೆ ಕರುಣೆಯಷ್ಟೇ ಸಾಲದು. ನೋವು ಯಾವ ದಾರಿಯಿಂದ ಒಳಹೊಕ್ಕಿತೆಂಬ ತಿಳಿವೂ ಬೇಕು. ಶಿವರಾಮ ಕಾರಂತರು ಕಾದಂಬರಿ ಬರೆದ ಕೈಯಿಂದಲೇ ವಿಜ್ಞಾನವನ್ನೂ ಕನ್ನಡಕ್ಕೆ ತಂದವರು. ಆ ದಾರಿ ನಮ್ಮ ಕರಾವಳಿಯದೇ. ಆಕ್ಷೇಪ ಬಂದಾಗ ಮೂಲ ಪ್ರಶ್ನೆಯನ್ನೇ ಕೈಗೆತ್ತಿಕೊಂಡು ಎಂಟು ವರ್ಷ ದುಡಿದ ರಾಮಚಂದ್ರನ್ ಅವರ ಶಿಸ್ತು ಪಾಠಸಂಪಾದನೆಗೂ, ವಿಮರ್ಶೆಗೂ ಸಲ್ಲುವಂಥದು. ವಿದ್ಯಾರ್ಥಿಗಳು ತಮ್ಮ ವಿಜ್ಞಾನ ವಿಭಾಗದ ಗೆಳೆಯರ ಪಠ್ಯಪುಸ್ತಕವನ್ನು ಒಮ್ಮೆ ಕೇಳಿ ಪಡೆದು, ಆ ಚೌಕಾಕಾರದ ನಕ್ಷೆಯಿರುವ ಪುಟವನ್ನು ನೋಡಬೇಕು. ಅದು ನಮ್ಮ ನೆರೆಯವರೊಬ್ಬರ ಹಸ್ತಾಕ್ಷರ.